ಕಸುಬು: ಕಾಗದದ ವ್ಯಾಪಾರ

ಬ್ಯಾಂಕಿನ ಫಾರಮ್ಮಿನಲ್ಲಿ, ರೇಷನ್ ಕಾರ್ಡಿನ ಅರ್ಜಿಯಲ್ಲಿ,
ಮಗಳ ಸ್ಕೂಲಿನವರು ಕೇಳಿದಾಗ,
ಮೂವತ್ತೆಂಟು ವರ್ಷ ಬರೆದದ್ದು ಒಂದೇ:
ಕಾಗದದ ವ್ಯಾಪಾರ.
ಪೂರಾ ಸುಳ್ಳೇನಲ್ಲ.

ಸುಲ್ತಾನ್‌ಪೇಟೆಯಲ್ಲಿ ಅಪ್ಪನದು ಲಗ್ನಪತ್ರಿಕೆಯ ಪ್ರೆಸ್ಸು.
ಟ್ರೆಡಲ್ ಒಮ್ಮೆ ಬಾಯಿ ಮುಚ್ಚಿ ತೆರೆದರೆ
ಒಂದು ಗಂಡು, ಒಂದು ಹೆಣ್ಣು, ಸಕುಟುಂಬ ಸಪರಿವಾರ.
ನೂರರ ಕಟ್ಟಿನಲ್ಲಿ ಒಂದು ಕಮ್ಮಿಯಿದ್ದರೆ
ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.
ಹುಡುಗ ಅಂಗಡಿ ನೋಡಿಕೊಳ್ಳುತ್ತಾನೆ ಅಂದುಕೊಂಡ ಅಪ್ಪ.
ಹೆಬ್ಬೆರಳು ಬೇರೆ ಏನೋ ಅಂದುಕೊಂಡಿತ್ತು.

ಮೊದಲು ರಮ್ಮಿ, ಹದಿಮೂರೆಲೆ, ಪಾಯಿಂಟಿಗೆ ಎಂಟಾಣೆ.
ಆಮೇಲೆ ದುಬೈಯಿಂದ ಬಂದವನೊಬ್ಬ ಕಲಿಸಿದ ಪೋಕರ್:
ಕೈಯಲ್ಲಿ ಎರಡೇ ಎಲೆ,
ಉಳಿದ ಐದು ಊರಿಗೆಲ್ಲ ಕಾಣುವ ಹಾಗೆ ಮೇಜಿನ ನಡುವೆ.
ಬಚ್ಚಿಡಲು ಇಷ್ಟೇ ಇದ್ದಾಗ ಮನುಷ್ಯ
ಮಿಕ್ಕಿದ್ದನ್ನೂ ಬಚ್ಚಿಡಲು ಹೋಗಿ ಸಿಕ್ಕಿಬೀಳುತ್ತಾನೆ.
ಆರಿದ ಕಾಫಿಯನ್ನು ಊದಿ ಕುಡಿಯುವವನು,
ಸೋಲುವಾಗ ಮಾತ್ರ ಹೆಂಡತಿಗೆ ಫೋನು ಮಾಡುವವನು,
ಒಳ್ಳೆ ಎಲೆ ಬಂತೋ, ಕಳಚಿಟ್ಟ ಚಪ್ಪಲಿಯೊಳಕ್ಕೆ
ಮೆಲ್ಲಗೆ ಪಾದ ತೂರಿಸುವವನು.

ಆ ಪಾದ ಹಲಸೂರಿನ ಮರದ ಡಿಪೊ ಪೊನ್ನುರಂಗಂನದು.
ಇಪ್ಪತ್ತು ವರ್ಷ ಒಬ್ಬರ ದುಡ್ಡು ಒಬ್ಬರು ತಿಂದೆವು.
ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯಲಿಲ್ಲ.

ಗೆದ್ದ ತಿಂಗಳು ಮನೆಗೆ ಫ್ರಿಜ್ಜು ಬಂತು.
ಸೋತ ತಿಂಗಳು ಅದರೊಳಗೆ ಬರೀ ನೀರಿನ ಬಾಟಲಿ.
ಕೃಷ್ಣಾಬಾಯಿ ಲೆಕ್ಕ ಬರೆದಳು,
ಮಿಕ್ಕುಳಿದ ಲಗ್ನಪತ್ರಿಕೆಗಳ ಬೆನ್ನಿಗೆ.
ಬಂದದ್ದೂ ನೀಲಿ, ಹೋದದ್ದೂ ನೀಲಿ.
ಕೆಂಪು ಪೆನ್ನು ತಂದುಕೊಡಲಾ ಅಂದರೆ
'ಒಂದೇ ಸಾಕು, ಎರಡೂ ನಿಮ್ಮದೇ' ಅಂದಳು.

ಒಂದು ರಾತ್ರಿ ರೆಸಿಡೆನ್ಸಿ ರಸ್ತೆಯ ಮೂರನೇ ಮಹಡಿಗೆ
ಪೊಲೀಸರು ಬಂದರು. ಠಾಣೆಯ ಬೆಂಚಿನ ಮೇಲೆ
ಹನ್ನೊಂದು ಜನ, ಸ್ಕೂಲು ಫೋಟೋದ ಹಾಗೆ.
'ಹೆಸರು?' ಅಂಬಾಸಾ.
'ಕಸುಬು?' ಕಾಗದದ ವ್ಯಾಪಾರ.
ಪೇದೆ ಪೆನ್ನು ನಿಲ್ಲಿಸಿ, ದನಿ ಇಳಿಸಿ,
'ತಂಗಿ ಮದುವೆ ಇದೆ ತಾತ, ಪತ್ರಿಕೆ ಕಮ್ಮಿಗೆ ಸಿಗುತ್ತಾ?'
ಸಿಕ್ಕಿತು. ನಾನೂರು ಕಾರ್ಡು, ಕವರು ಸಮೇತ.

ಈಗ ಆ ಒಂದು ಆಟ.
ಇಂದಿರಾನಗರ, ಬೆಳಗಿನ ಜಾವ, ಹೊರಗೆ ಹಾಲಿನ ವ್ಯಾನು.
ನನ್ನ ಕೈಯಲ್ಲಿ ಎರಡು ರಾಣಿ.
ಪೊನ್ನುರಂಗಂ ಇದ್ದದ್ದನ್ನೆಲ್ಲ ನಡುವಿಗೆ ತಳ್ಳಿದ.
ಮೇಜಿನ ಕೆಳಗೆ ನೋಡಿದೆ:
ಅವತ್ತು ಬೂಟು ಹಾಕಿಕೊಂಡು ಬಂದಿದ್ದ.
ಬಿಗಿಯಾಗಿ ಲೇಸು ಕಟ್ಟಿದ ಕರೀ ಬೂಟು.
ನಾಲ್ಕು ನಿಮಿಷ ಕೂತೆ. ರಾಣಿಯರನ್ನು ಬೋರಲು ಹಾಕಿದೆ.
ಅವನು ಎಲೆ ತೋರಿಸದೆ ದುಡ್ಡು ಬಾಚಿ
'ಹೇಳ್ತೀನಿ ಅಂಬಾಸಾ, ಒಂದಿನ ಹೇಳ್ತೀನಿ' ಅಂದ.

ಮಗಳ ಸೈಟಿಗೆಂದು ಇಟ್ಟ ದುಡ್ಡು ಅದು.
ಅದನ್ನು ಮರೆತೆ, ಅವಳೂ ಮರೆತಳು ಅನ್ನಿಸುತ್ತೆ.
ಬೂಟು ಮರೆಯಲಿಲ್ಲ.

ಹೋದ ಕಾರ್ತಿಕದಲ್ಲಿ ಆಸ್ಪತ್ರೆಗೆ ಹೋದೆ.
ಅವನ ಗಂಟಲಲ್ಲಿ ನಳಿಗೆ, ಕಿಟಕಿಯಾಚೆ ಹಲಸೂರು ಕೆರೆ.
ಹೇಗಿದ್ದೀಯ ಅಂತ ಕೇಳಬೇಕಿತ್ತು,
'ಅವತ್ತು ಏನಿತ್ತು?' ಅಂತ ಕೇಳಿದೆ.
ಬಹಳ ಹೊತ್ತು ನೋಡಿ, ಎರಡು ಬೆರಳು ಎತ್ತಿದ.

ಎರಡು ರಾಜರೇ? ಬರೀ ದುಗ್ಗಿಯೇ?
ಅಥವಾ ಪಾಪ, ಎರಡಕ್ಕೆ ಹೋಗಬೇಕೆಂದು
ನರ್ಸನ್ನು ಕರೆದನೇ?
ಪಾದ ನೋಡೋಣವೆಂದರೆ ಹೊದಿಕೆಯ ಕೆಳಗಿತ್ತು.
ಎತ್ತಿ ನೋಡಲಿಲ್ಲ. ಅಷ್ಟು ಮರ್ಯಾದೆ ಉಳಿದಿದೆ.

ಕಣ್ಣಿನ ಪೊರೆ ತೆಗೆಸಿದ ಮೇಲೂ ನನಗೆ
ಆಟೀನು, ಡೈಮನ್ನು ಒಂದೇ ಥರ ಕಾಣುತ್ತವೆ.
ಆದರೂ ಶುಕ್ರವಾರ ಹೋಗುತ್ತೇನೆ.
ತಲೆಗೆ ಮುಸುಕು, ಕಿವಿಗೆ ಹೆಡ್‌ಫೋನು, ಬರಿಗಾಲಲ್ಲಿ ಹವಾಯಿ;
ಗಣಿತವೆಲ್ಲ ಬಾಯಿಗೆ ಬರುವ ಹುಡುಗರು.
ಒಬ್ಬ ಮೊನ್ನೆ ಲಿಫ್ಟಿನಲ್ಲಿ ಹಿಡಿದುಕೊಂಡ:
'ಇಷ್ಟು ವರ್ಷ ಆಡಿದ್ದೀರಿ ಅಂಕಲ್, ಒಂದು ಮಾತು ಹೇಳಿ.'

ಬೂಟು ಹಾಕಿಕೊಂಡು ಬಾ, ಅಂದೆ.